ತಪ್ಪು ತೀರ್ಪು ಕೊಟ್ಟರೆ ಮತ್ತೆ ಕರೀತಾರಾ?

ಪ್ರಶ್ನೆ: ಟೀವಿ ಕ್ವಿಜ್‌ನಲ್ಲಿ ಸರಿ ಉತ್ತರವನ್ನೇ ತಪ್ಪು ಅಂದುಬಿಟ್ಟರೆ, ಸೋತವರಿಗೆ ಮತ್ತೆ ಅವಕಾಶ ಸಿಗುತ್ತದಾ ಸಾರ್? — ಓದುಗರು, ಶಿವಮೊಗ್ಗ

ಉತ್ತರ: ಸಿಕ್ಕಿದ್ದುಂಟು. ಅಮೆರಿಕದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ನಲ್ಲಿ, ಉತ್ತರ ಅಮೆರಿಕದ ಐದು ದೊಡ್ಡ ಸರೋವರಗಳಾದ ಗ್ರೇಟ್ ಲೇಕ್ಸ್ ಪೈಕಿ ಸುಪೀರಿಯರ್ ಬಿಟ್ಟರೆ ವಿಸ್ತೀರ್ಣದಲ್ಲಿ ದೊಡ್ಡದು ಯಾವುದು ಅಂತ ಕೇಳಿದ್ದರು. ಸ್ಪರ್ಧಿ ಹ್ಯೂರಾನ್ ಅಂದರು. ಮಿಶಿಗನ್ ಅನ್ನಬೇಕಿತ್ತು ಅಂತ ಮನೆಗೆ ಕಳಿಸಿದರು. ಹ್ಯೂರಾನೇ ದೊಡ್ಡದು! ಆಮೇಲೆ ವಾಪಸ್ ಕರೆಸಿ ಆಡಿಸಿದರು.

ಇದೇ ಕ್ವಿಜ್‌ನ ಬ್ರಿಟನ್ ಆವೃತ್ತಿಯಲ್ಲಿ 1999ರಲ್ಲಿ ಇದು ಉಲ್ಟಾ ಆಯಿತು. ಟೆನಿಸ್ ಸೆಟ್ ಗೆಲ್ಲಲು ಕನಿಷ್ಠ ಎಷ್ಟು ಹೊಡೆತ ಬೇಕು? 24 ಅಂದಿದ್ದನ್ನು ಸರಿ ಅಂದರು. ಸರಿ ಉತ್ತರ 12. ಲೆಕ್ಕ ಹಾಕಿ ನೋಡಿ. ಸೆಟ್‌ಗೆ ಕನಿಷ್ಠ ಆರು ಗೇಮ್ ಗೆಲ್ಲಬೇಕು; ಮೂರರಲ್ಲಿ ಸರ್ವ್ ನಿಮ್ಮದು, ಮೂರರಲ್ಲಿ ಎದುರಾಳಿಯದು. ನಿಮ್ಮ 3 ಸರ್ವಿಸ್ ಗೇಮ್‌ಗೆ ನಾಲ್ಕು ನಾಲ್ಕು ಏಸ್ (ಎದುರಾಳಿಗೆ ಮುಟ್ಟಲೂ ಆಗದ ಸರ್ವ್), ಒಟ್ಟು 12. ಎದುರಾಳಿಯ ಗೇಮ್‌ಗಳಲ್ಲಿ ಬರೀ ಡಬಲ್ ಫಾಲ್ಟ್ (ಎರಡೂ ಸರ್ವ್ ತಪ್ಪಿ ಪಾಯಿಂಟ್ ಕಳೆದುಕೊಳ್ಳುವುದು) ಆದರೆ ನೀವು ರಾಕೆಟ್ ಬೀಸುವುದೇ ಬೇಡ. ಆದರೂ ಗೆದ್ದ ದುಡ್ಡನ್ನು ಸ್ಪರ್ಧಿಗೇ ಬಿಟ್ಟರು. ನನಗಂತೂ ಅದೇ ನ್ಯಾಯ ಅನಿಸುತ್ತದೆ. ಪ್ರಶ್ನೆ ಬರೆದವರದೇ ತಪ್ಪು ಅಲ್ವಾ?