ಬಾಟಲಿ ಅವಳದೇ, ನೀರೂ ಅವಳದೇ

ಗುರುತು ಸಿಗಬಾರದೆಂದು ಊರು, ಓಟದ ದೂರ ಎಲ್ಲ ಬದಲಿಸಿದ್ದೇನೆ. ಇಂಥದ್ದೇ ಇನ್ನೊಬ್ಬ ಹುಡುಗಿ ಈಚೆಗೆ ನನ್ನ ಬಳಿ ಆಪ್ತ ಸಮಾಲೋಚನೆಗೆ ಬಂದಳು, ಅದಕ್ಕೇ ಈಗ ಬರೆಯುತ್ತಿರುವುದು.

15 ವರ್ಷ, 800 ಮೀಟರ್ ಓಟಗಾರ್ತಿ. ಟೈಮಿಂಗ್ ಬೀಳುತ್ತಿದೆ, 'ಮನಸ್ಸು ಗಟ್ಟಿ ಮಾಡಿ ಕೊಡಿ ಮೇಡಂ' ಎಂದು ಅಪ್ಪ ಕರೆತಂದಿದ್ದರು. ಕಣಕಾಲಿನಲ್ಲಿ ಮೂಳೆ ನೋವು. ಐದು ತಿಂಗಳಿಂದ ಮುಟ್ಟಾಗಿಲ್ಲ. 'ಒಳ್ಳೇದೇ ಆಯ್ತು ಬಿಡು, ರಜೆ ಕೇಳೋದು ತಪ್ಪಿತು' ಅಂದಿದ್ದರಂತೆ ಕೋಚ್. ಸೋಮವಾರ ಎಲ್ಲರೆದುರು ತೂಕ ನೋಡಿ ಕೂಗಿ ಹೇಳುತ್ತಿದ್ದರು. ಜಾಸ್ತಿ ಬಂದವರಿಗೆ ಅವತ್ತು ತಿಂಡಿ ಇಲ್ಲ. 'ದಂಡಂ ದಶಗುಣಂ ಅಂತಾರಲ್ಲ' ಎಂದರು ಅಪ್ಪ.

ಎರಡನೇ ಭೇಟಿ. ಮಾತಾಡುತ್ತಾ ಹುಡುಗಿಗೆ ಕೆಮ್ಮು ಬಂತು. ಕೈ ಬ್ಯಾಗಿನ ತನಕ ಹೋಗಿ ನಿಂತಿತು.

'ಮೇಡಂ, ನೀರು ಕುಡಿಯಲಾ?'

ಕುಡಿಯಮ್ಮಾ ಅಂದೆ. ಎರಡು ಗುಟುಕು ಕುಡಿದು ನನ್ನ ಮುಖ ನೋಡಿ, 'ಇನ್ನೂ ಕುಡಿಯಬಹುದಾ?' ಅಂದಳು.

ಅಪ್ಪ ನಕ್ಕರು. 'ಎಷ್ಟು ಶಿಸ್ತು ನೋಡಿ!'

ನನಗೆ ನಗು ಬರಲಿಲ್ಲ. ಅವರನ್ನು ಸ್ವಲ್ಪ ಹೊರಗೆ ಕೂರಲು ಹೇಳಿದೆ. ಗ್ರೌಂಡಿನಲ್ಲಿ ಬಾಟಲಿಗಳೆಲ್ಲ ಸರ್ ಹತ್ತಿರ ಇರುತ್ತವಂತೆ. ಹೇಳಿದ ಟೈಮಿಗೆ ರೌಂಡ್ ಮುಗಿಸಿದವರಿಗೆ ಎರಡು ಗುಟುಕು.

'ಬಾಯಾರಿದರೆ?'

'ಬಾಯಾರುತ್ತೆ ಮೇಡಂ. ಆದ್ರೆ ಅದು ನಿಜವಾದ ಬಾಯಾರಿಕೆನೋ ನಾಟಕನೋ, ಅದು ಸರ್‌ಗೇ ಗೊತ್ತಾಗೋದು.'

ಇದನ್ನು ಅವಳು ದೂರಿನ ಹಾಗೆ ಹೇಳಲಿಲ್ಲ. ಸುಮ್ನೆ ಒಂದು ಮಾಹಿತಿ ಕೊಟ್ಟ ಹಾಗೆ ಹೇಳಿದಳು. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ತನ್ನ ಬಾಯಾರಿಕೆ ನಿಜವೋ ಸುಳ್ಳೋ ಎಂದು ಬೇರೆಯವರನ್ನು ಕೇಳುವ ಮಗು, ನಾಳೆ ಯಾರಾದರೂ ಮೈಮುಟ್ಟಿದರೆ 'ಇದು ಸರಿಯಿಲ್ಲ' ಎಂದು ಹೇಗೆ ಹೇಳುತ್ತದೆ? ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ಗೆ ಲೈಂಗಿಕ ದೌರ್ಜನ್ಯಕ್ಕಾಗಿ 2018ರಲ್ಲಿ ಶಿಕ್ಷೆಯಾಯಿತಲ್ಲ, ಆಗ ನ್ಯಾಯಾಲಯದಲ್ಲಿ ಅವನಿಂದ ನೊಂದ 150ಕ್ಕೂ ಹೆಚ್ಚು ಮಂದಿ ಮಾತಾಡಿದರು. ಚಿಕಿತ್ಸೆಯ ನೆಪದಲ್ಲಿ ಅವನು ಹಾಗೆ ಮುಟ್ಟುವಾಗ ಹಲವರ ಅಪ್ಪ ಅಮ್ಮ ಅದೇ ಕೋಣೆಯಲ್ಲೇ ಇದ್ದರು. ಬೈಗುಳ, ಹಸಿವಿನಲ್ಲಿ ನಲುಗಿದ ಮಕ್ಕಳಿಗೆ ತಿಂಡಿ ಕೊಟ್ಟು ಸಮಾಧಾನ ಹೇಳುತ್ತಿದ್ದವನು ಅವನೇ.

ಹಾಗಾಗಿ ನೇರವಾಗಿಯೇ ಕೇಳಿದೆ. ಕೇಳುವ ಮೊದಲು ಒಂದು ಮಾತು ಹೇಳಿದೆ: ಯಾರಾದರೂ ಕೆಟ್ಟದಾಗಿ ಮುಟ್ಟಿದ್ದರೆ ನಾನದನ್ನು ಗುಟ್ಟಾಗಿಡಲು ಆಗುವುದಿಲ್ಲ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. 'ಯಾರಿಗೂ ಹೇಳಲ್ಲ' ಎಂದು ಮಾತು ಕೊಟ್ಟು ಆಮೇಲೆ ತಪ್ಪುವವರನ್ನು ನೋಡಿದ್ದೇನೆ. ಮಗು ಮತ್ತೆ ಬಾಯಿ ಬಿಡುವುದಿಲ್ಲ. ಇವಳು ಇಲ್ಲ ಅಂದಳು.

ಅಪ್ಪನಿಗೆ ನಾನು ಹೇಳಿದ್ದು ಇಷ್ಟು. ಮೊದಲು ವೈದ್ಯರ ಬಳಿ ಹೋಗಿ, ಅಲ್ಲಿಯವರೆಗೆ ಓಟ ಬೇಡ. ಓಡುವಷ್ಟು ಉಣ್ಣದಿದ್ದರೆ ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ, ಟೈಮಿಂಗೂ ಬೀಳುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಇದಕ್ಕೊಂದು ಹೆಸರಿಟ್ಟು ಎಚ್ಚರಿಸಿದೆ. ಗಟ್ಟಿ ಮಾಡಬೇಕಾದದ್ದು ಇವಳ ಮನಸ್ಸನ್ನಲ್ಲ. ಆ ಕೋಚ್ ಹತ್ತಿರ ವಾಪಸ್ ಕಳಿಸಬೇಡಿ, ಓಟ ಮಾತ್ರ ಬಿಡಿಸಬೇಡಿ.

'ಸೆಲೆಕ್ಷನ್‌ಗೆ ಆರೇ ವಾರ ಮೇಡಂ!' ಎಂದು ರೇಗಿದರು.

ಆಮೇಲೆ ಹುಡುಗಿಗೂ ಅಪ್ಪನಿಗೂ ಮೊದಲೇ ಹೇಳಿ, ಅವಳ ಹೆಸರು ಎತ್ತದೆ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಇದಕ್ಕೆ ನನ್ನ ಸಹೋದ್ಯೋಗಿಗಳು ಇವತ್ತಿಗೂ ಜಗಳ ಆಡುತ್ತಾರೆ. ಪೋಕ್ಸೊ ಅಲ್ಲದ ಮೇಲೆ ನಿನಗ್ಯಾಕೆ ಎನ್ನುತ್ತಾರೆ. ಮಕ್ಕಳನ್ನು ನೋಡಿಕೊಳ್ಳಬೇಕಾದವರೇ ಅವರಿಗೆ ಕ್ರೂರವಾಗಿ ನಡೆದುಕೊಂಡರೆ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಲ್ಲಿ ಅದು ಅಪರಾಧ. ಸೋಮವಾರ ಆ ತಕ್ಕಡಿ ಹತ್ತಲು ಇನ್ನೂ ಮಕ್ಕಳು ಸಾಲಿನಲ್ಲಿ ನಿಂತಿದ್ದರು. ನನಗೆ ಬೇರೆ ದಾರಿ ಕಾಣಲಿಲ್ಲ.

ವಿಚಾರಣೆಗೆ ಬಂದರು. ತೂಕ ಹಾಕುವುದು ನಿಂತಿತು. ಕೋಚ್ ಅಲ್ಲೇ ಇದ್ದಾರೆ. ಹುಡುಗಿ ಆ ವರ್ಷ ಸೆಲೆಕ್ಷನ್‌ಗೆ ಹೋಗಲಿಲ್ಲ, ಈಗ ಬೇರೆ ಕಡೆ ಓಡುತ್ತಾಳೆ. ಹಳೆಯ ಟೈಮಿಂಗ್ ಇನ್ನೂ ಬಂದಿಲ್ಲ. ಅಪ್ಪನಿಗೆ ನನ್ನ ಮೇಲೆ ಸಿಟ್ಟು ಹೋಗಿಲ್ಲ ಅಂದುಕೊಂಡಿದ್ದೆ. ಹೋದ ತಿಂಗಳು ಫೋನ್ ಮಾಡಿದರು.

'ಮಗನನ್ನ ಕ್ರಿಕೆಟ್ ಕ್ಯಾಂಪಿಗೆ ಸೇರಿಸೋಣ ಅಂತ ಹೋಗಿದ್ದೆ ಮೇಡಂ. ಅಪ್ಪ ಅಮ್ಮ ಒಳಗೆ ಬರೋ ಹಾಗಿಲ್ಲ ಅಂದ್ರು. ಯಾಕೆ ಅಂತ ಕೇಳಿದೆ, ಸರಿಯಾಗಿ ಹೇಳಲಿಲ್ಲ.'

'ಆಮೇಲೆ?'

'ವಾಪಸ್ ಬಂದ್ಬಿಟ್ಟೆ.'