ಓಮ್ನಿಯಲ್ಲಿ ಮೈಕ್ ಸೆಟ್‌ಗೆ ಎರಡನೇ ಬ್ಯಾಟರಿ: 100 ಎಎಚ್ ಸಾಕಾ, 150 ಬೇಕಾ?

ಓಮ್ನಿ ವ್ಯಾನಿನಲ್ಲಿ ಮೈಕ್ ಸೆಟ್ ಓಡಿಸೋಕೆ ಎರಡನೇ ಬ್ಯಾಟರಿ 100 ಎಎಚ್ (ಆಂಪಿಯರ್-ಅವರ್, ಅಂದ್ರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಸಾಕಾ, 150 ಬೇಕಾ ಅಂತ ಕೇಳಿದ್ದೀರಿ. ಅದನ್ನು ಗಾಡಿ ಬ್ಯಾಟರಿಗೇ ನೇರ ಜೋಡಿಸ್ತೀನಿ ಅಂತಲೂ ಬರೆದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ ಅಂತು. ನಾನೂ ಅದನ್ನೇ ಮಾಡಿದ್ದೆ.

ಹುಬ್ಬಳ್ಳಿಯಲ್ಲಿ ನನ್ನದೂ ಮೈಕ್ ಗಾಡಿ. ಒಂದು ಶಿವರಾತ್ರಿಗೆ ಅಣ್ಣಿಗೇರಿ ಹತ್ತಿರದ ಹಳ್ಳಿಯಲ್ಲಿ ರಾತ್ರಿಯಿಡೀ ಭಜನೆ. ಗುಡಿ ಹೊಲದ ನಡುವೆ, ಕರೆಂಟ್ ಇಲ್ಲ. ಹಿಂದಿನ ದಿನ ಹೊಸ 100 ಎಎಚ್ ಬ್ಯಾಟರಿ ತಂದೆ. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್, ದಪ್ಪ ವೈರ್. ಮಧ್ಯೆ ಏನೂ ಇಲ್ಲ. ಒಂದು ಇಳಿದರೂ ಇನ್ನೊಂದು ಇರುತ್ತೆ ಅಲ್ವಾ ಅನ್ನೋದು ನನ್ನ ಲೆಕ್ಕ.

ಇರೋದಿಲ್ಲ. ಹಾಗೆ ಜೋಡಿಸಿದ ಮೇಲೆ ಅವು ಎರಡಲ್ಲ, ಒಂದೇ. ನಮ್ಮೂರಲ್ಲಿ ಮಾಳಿಗೆ ಮೇಲೆ ಎರಡು ಟ್ಯಾಂಕ್ ಇಟ್ಟು ಅಡಿಯಲ್ಲಿ ಪೈಪ್ ಕೂಡಿಸ್ತಾರಲ್ಲ, ಹಾಗೆ. ಯಾವ ನಲ್ಲಿ ಬಿಟ್ಟರೂ ಎರಡರಲ್ಲೂ ನೀರು ಇಳಿಯುತ್ತೆ. ಆಂಪ್ಲಿಫೈಯರ್ ಬೆಳತನಕ ಎರಡನ್ನೂ ಕುಡಿದಿತ್ತು. ಸಾಲದ್ದಕ್ಕೆ ಗಾಡಿಯದು ಮೂರು ವರ್ಷದ ಹಳೇ ಬ್ಯಾಟರಿ, ಅದು ಹೊಸದನ್ನೂ ಎಳೆದು ಕೂರಿಸಿತು. ಬೆಳಿಗ್ಗೆ ಕೀ ತಿರುಗಿಸಿದರೆ ಬರೀ ಟಕ್ ಟಕ್. ಮೀಟರ್ ಹಿಡಿದರೆ 11.4 ವೋಲ್ಟ್. ತುಂಬಿದ ಬ್ಯಾಟರಿ ಸುಮ್ನೆ ಇದ್ದಾಗ 12.7 ತೋರಿಸಬೇಕು. ಕೊನೆಗೆ ಯಾರದೋ ಟ್ರ್ಯಾಕ್ಟರ್ ಬ್ಯಾಟರಿಯಿಂದ ಸೆಲ್ಫ್ ಹೊಡೆದೆವು. ಹಳೆಯದು ಅಲ್ಲಿಗೇ ಸತ್ತಿತು. ಹೊಸದು ದೀಪಾವಳಿ ಕಾಣಲಿಲ್ಲ, ಯಾಕಂದ್ರೆ ನಾನು ತಂದಿದ್ದೂ ಕಾರಿನ ಬ್ಯಾಟರಿಯೇ. ತೆಳು ಪ್ಲೇಟಿನದು. ಒಂದು ಗಳಿಗೆ ಜೋರಾಗಿ ಕರೆಂಟ್ ಕೊಡೋಕೆ ಮಾಡಿದ್ದು, ರಾತ್ರಿಯಿಡೀ ಖಾಲಿಯಾಗೋಕಲ್ಲ.

ಹಾಗಾಗಿ 100ಆ 150ಆ ಅನ್ನೋದು ಆಮೇಲಿನ ಮಾತು. ಮೊದಲು ಮಧ್ಯೆ ಒಂದು ವಿಎಸ್‌ಆರ್ ರಿಲೇ ಹಾಕಿ, ಅಂದ್ರೆ ವೋಲ್ಟೇಜ್ ನೋಡಿ ತಾನೇ ಆನ್-ಆಫ್ ಆಗೋ ಸ್ವಿಚ್. ಬೋಟುಗಳಲ್ಲೂ ಇದನ್ನೇ ಹಾಕ್ತಾರೆ. ಡೈನಮೋ ಓಡಿ ವೋಲ್ಟೇಜ್ 13.3ರ ಸುತ್ತ ಏರಿದಾಗ ಎರಡನ್ನೂ ಕೂಡಿಸುತ್ತೆ, 12.8ರ ಸುತ್ತ ಇಳಿದಾಗ ತಾನೇ ಬಿಡಿಸುತ್ತೆ. ಮೈಕ್ ಲೈನ್ ಎರಡನೇ ಬ್ಯಾಟರಿಗೆ ಮಾತ್ರ ಕೊಡಿ. ಮಧ್ಯದ ಪ್ಲಸ್ ವೈರಿಗೆ ಎರಡೂ ತುದಿಯಲ್ಲಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರಲಿ.

ನನ್ನ ಕೇಳಿದರೆ 100ರ ಟ್ಯೂಬ್ಯುಲರ್ (ಮತ್ತೆ ಮತ್ತೆ ಖಾಲಿಯಾಗೋದನ್ನು ತಾಳಿಕೊಳ್ಳೋ, ಇನ್ವರ್ಟರಿಗೆ ಹಾಕೋ ಬ್ಯಾಟರಿ) ಸಾಕು, ಅರ್ಧ ಖಾಲಿಯಾದಾಗ ನಿಲ್ಲಿಸಿ. ಮೈಕ್ ಸೆಟ್ 8-10 ಆಂಪಿಯರ್ ಎಳೆದರೂ ಐದು ತಾಸು ಬರುತ್ತೆ. ಅದಕ್ಕಿಂತ ಜಾಸ್ತಿ ಹೊತ್ತಿನ ಕಾರ್ಯಕ್ರಮಕ್ಕೆ ಜನರೇಟರ್ ಬಾಡಿಗೆ ತನ್ನಿ. 150 ತಂದರೂ ಅದನ್ನು ತುಂಬಿಸೋದು ಯಾರು? ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ಬಂದರೆ ಡೈನಮೋ ಅದನ್ನು ತುಂಬಿಸಲ್ಲ. ನಾನು ಮನೆಗೆ ಬಂದ ಕೂಡಲೇ ಚಾರ್ಜರ್ ಹಚ್ಚಿ ಮಲಗ್ತೀನಿ. ಗಾಡಿ ಬಾಗಿಲು ತೆಗೆದಿಟ್ಟು, ಯಾಕಂದ್ರೆ ಚಾರ್ಜ್ ಆಗುವಾಗ ಗ್ಯಾಸ್ ಬರುತ್ತೆ. ಓಣಿಯ ನಾಯಿ ಒಳಗೆ ಬಂದು ಸೀಟಿನ ಮೇಲೆ ಮಲಗುತ್ತೆ, ಅದೊಂದು ಬೇರೆ ಕಿರಿಕಿರಿ.