ಕೃಪೆಯಿಂದಲೇ ರಕ್ಷಣೆ ಅಂದರೆ, ಒಳ್ಳೆಯವರಾಗಿ ಬದುಕುವುದು ಯಾಕೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆ ಇವೆ. ಮನುಷ್ಯ ದೇವರ ಮುಂದೆ ನೀತಿವಂತ ಅನ್ನಿಸಿಕೊಳ್ಳುವುದು ಒಳ್ಳೆಯ ಕೆಲಸದಿಂದಲ್ಲ, ಕೃಪೆಯಿಂದ, ಅಂದರೆ ಯೋಗ್ಯತೆ ನೋಡದೆ ದೇವರು ತೋರಿಸುವ ದಯೆಯಿಂದ ಮಾತ್ರ ಅಂತ ನಿಮ್ಮ ಕ್ರೈಸ್ತ ಗೆಳೆಯರು ಹೇಳಿದ್ದಾರೆ. ಹಾಗಾದರೆ ಜೀವಮಾನವಿಡೀ ಕೆಟ್ಟದ್ದು ಮಾಡಿ ಕೊನೆಗೆ 'ನಂಬಿದೆ' ಅಂದರೆ ಸಾಕಾ ಅನ್ನುವುದು ಒಂದು. ಬಂದವರಿಗೆಲ್ಲ ಅನ್ನ ಹಾಕಿದ ನಿಮ್ಮ ಅಜ್ಜಿಯ ಪುಣ್ಯ ಹಾಗಾದರೆ ವ್ಯರ್ಥವಾ ಅನ್ನುವುದು ಇನ್ನೊಂದು. ಎರಡನೆಯದೇ ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅಂತ ಓದುವಾಗ ಅನಿಸಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಯಾಕೆಂದರೆ ಮೊದಲನೆಯದು ಸ್ಪಷ್ಟವಾಗದೆ ಅದಕ್ಕೆ ಉತ್ತರ ಹೇಳಲು ಬರುವುದಿಲ್ಲ.

ನಾನು ಕಾಸರಗೋಡಿನವನು. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದೆ, ಈಗ ನಮ್ಮ ಸಭೆಯ, ಅಂದರೆ ಚರ್ಚಿನ, ಭಾನುವಾರ ಶಾಲೆ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಆರಾಧನೆ ಕನ್ನಡದಲ್ಲಿ, ಅಂಗಳಕ್ಕೆ ಇಳಿದ ಮೇಲೆ ಮಾತು ತುಳುವಿನಲ್ಲಿ, ಪೇಟೆಗೆ ಹೋದರೆ ಮಲಯಾಳ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರಿಂದ ನಮ್ಮ ಹಿರಿಯರಿಗೆ ಈ ಉಪದೇಶ ಸಿಕ್ಕಿತು. ಹಾಗಾಗಿ ನಾನು ಮಾತಾಡುತ್ತಿರುವುದು ಪ್ರೊಟೆಸ್ಟಂಟ್ ಕಡೆಯಿಂದ ಅಂತ ಗೊತ್ತಿರಲಿ.

'ನಂಬಿದರೆ ಸಾಕಾ' ಅಂತ, ಯೇಸುವಿನ ಸುದ್ದಿ ಸಾರುತ್ತ ಊರೂರು ತಿರುಗಿದ ಅಪೊಸ್ತಲ ಪೌಲನನ್ನೇ ಕೇಳಿದವರಿದ್ದರು. ಬೈಬಲಿನಲ್ಲಿ ಅವನು ರೋಮಾಪುರದವರಿಗೆ ಬರೆದ ಪತ್ರಿಕೆಯ, ಅಂದರೆ ಪತ್ರದ, ಆರನೇ ಅಧ್ಯಾಯ ಶುರುವಾಗುವುದೇ ಅಲ್ಲಿಂದ: ಕೃಪೆ ಹೆಚ್ಚಾಗಲಿ ಅಂತ ಪಾಪ ಮಾಡುತ್ತಲೇ ಇರೋಣವೇ? ಪೌಲನ ಉತ್ತರ, ಎಂದಿಗೂ ಬೇಡ. ಆದರೆ ಆ ಪ್ರಶ್ನೆಗೆ ಹೆದರಿ ಅವನು ತನ್ನ ಮಾತನ್ನು ಒಂದಿಷ್ಟೂ ಸಡಿಲ ಮಾಡಲಿಲ್ಲ. 'ಕೃಪೆ ಮುಕ್ಕಾಲು ಪಾಲು, ಉಳಿದ ಕಾಲು ಪಾಲು ನಿಮ್ಮ ಕೆಲಸ' ಅಂದುಬಿಟ್ಟಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಅವನು ಹಾಗೆ ಹೇಳಲಿಲ್ಲ.

ಇದು ನಮ್ಮ ಕಿವಿಗೆ ಒಗ್ಗುವುದು ಕಷ್ಟ, ನಿಜ. 'ಮಾಡಿದ್ದುಣ್ಣೋ ಮಹರಾಯ' ಅಂತ ಕೇಳಿಕೊಂಡೇ ಬೆಳೆದವರು ನಾವು. ಆ ಮಾತಿನಲ್ಲಿ ನ್ಯಾಯ ಇದೆ, ಬೈಬಲ್ ಅದನ್ನು ಅಲ್ಲಗಳೆಯುವುದೂ ಇಲ್ಲ. ಜ್ಞಾನೋಕ್ತಿಗಳ ಪುಸ್ತಕದ ಹದಿನೇಳನೇ ಅಧ್ಯಾಯ ನೋಡಿ. ತಪ್ಪಿತಸ್ಥನನ್ನು ನಿರ್ದೋಷಿ ಅನ್ನುವುದು ದೇವರಿಗೆ ಅಸಹ್ಯ ಅಂತ ಸೀದಾ ಬರೆದಿದೆ. ಹಾಗಿದ್ದರೆ ದೇವರೇ ಪಾಪಿಯನ್ನು ನೀತಿವಂತ ಅನ್ನುವುದು ಹೇಗೆ? ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ. ದೇವರು ಒಳ್ಳೆಯವನು, ಕ್ಷಮಿಸಿಬಿಡುತ್ತಾನೆ, ಅಷ್ಟೇ ಅಂತ ಹೇಳುವವರು ಈ ಗಂಟನ್ನು ಮುಟ್ಟುವುದೇ ಇಲ್ಲ.

ಪೌಲ ಮುಟ್ಟುತ್ತಾನೆ. ರೋಮಾಪುರದ ಪತ್ರಿಕೆಯ ಮೂರನೇ ಅಧ್ಯಾಯದಲ್ಲಿ ಅವನು ಹೇಳುವುದು ಇದು: ಎಲ್ಲರೂ ಪಾಪ ಮಾಡಿದ್ದಾರೆ, ಯಾರೂ ಹೊರತಲ್ಲ. ಆ ಪಾಪವನ್ನು ದೇವರು ಕಂಡೂ ಕಾಣದ ಹಾಗೆ ಬಿಟ್ಟಿಲ್ಲ. ಅದರ ತೀರ್ಪು ಶಿಲುಬೆಯಲ್ಲಿ ಕ್ರಿಸ್ತನ ಮೇಲೆ ಬಿತ್ತು. ಆದ್ದರಿಂದ ದೇವರು ತಾನೂ ನ್ಯಾಯವಂತನಾಗಿದ್ದು, ಯೇಸುವನ್ನು ನಂಬುವವನನ್ನೂ ನೀತಿವಂತನೆಂದು ನಿರ್ಣಯಿಸುತ್ತಾನೆ. ನಮಗೆ ಉಚಿತವಾಗಿ ಸಿಕ್ಕಿದ್ದಕ್ಕೆ ಅವನು ಬೆಲೆ ಕೊಟ್ಟಿದ್ದಾನೆ.

ಕೃಪೆಯ ಮಾತು ಈ ಮಣ್ಣಿಗೆ ಹೊಸದೇನಲ್ಲ. ಮಧ್ವಾಚಾರ್ಯರು ನಮ್ಮ ಕುಂಬಳೆ ಸೀಮೆಗೆ ಬಂದು ತ್ರಿವಿಕ್ರಮ ಪಂಡಿತಾಚಾರ್ಯರ ಜೊತೆ ದಿನಗಟ್ಟಲೆ ವಾದ ಮಾಡಿದ ಕತೆ ಈ ಕಡೆ ತುಂಬ ಜನರಿಗೆ ಗೊತ್ತು. ವಿಷ್ಣುವಿನ ಪ್ರಸಾದವಿಲ್ಲದೆ ಮೋಕ್ಷವಿಲ್ಲ ಅಂತ ಅವರೂ ಕಲಿಸಿದರು. ಹಾಗಾಗಿ ನನ್ನ ಜೊತೆ ಕೆಲಸ ಮಾಡಿದ ಮಾಧ್ವ ಮಾಷ್ಟ್ರೊಬ್ಬರು 'ನಮ್ಮಲ್ಲೂ ಇದೇ ಇದೆ' ಅಂದಾಗ ನನಗೆ ಸಂತೋಷವೇ ಆಯಿತು. ಆದರೆ ಒಂದು ವ್ಯತ್ಯಾಸ ಇದೆ, ಅದನ್ನು ಅವರಿಗೂ ಹೇಳಿದೆ. ಅಲ್ಲಿ ಪ್ರಸಾದ ಒದಗುವುದು ಭಕ್ತಿ, ಜ್ಞಾನಗಳಲ್ಲಿ ಮಾಗುತ್ತ ಬಂದವನಿಗೆ. ಪೌಲ ನಾಲ್ಕನೇ ಅಧ್ಯಾಯದಲ್ಲಿ ದೇವರನ್ನು ಕರೆಯುವುದು ಭಕ್ತಿಹೀನನನ್ನು ನೀತಿವಂತನೆಂದು ನಿರ್ಣಯಿಸುವಾತ ಅಂತ. ಮಾಗಿದವನಲ್ಲ, ಭಕ್ತಿಯೇ ಇಲ್ಲದವನು. ನಾವಿಬ್ಬರೂ ಆ ಸಂಜೆ ತುಂಬ ಹೊತ್ತು ಮಾತಾಡಿದೆವು, ಒಪ್ಪಿಗೆ ಆಗಲಿಲ್ಲ, ಬೇಸರವೂ ಆಗಲಿಲ್ಲ.

ಈ ಉಪದೇಶ ಬರೀ ವಾದದ ವಿಷಯ ಅಲ್ಲ ಅಂತ ನನಗೆ ಗಟ್ಟಿಯಾಗಿ ಗೊತ್ತಾದದ್ದು ಒಂದು ಮನೆಯಲ್ಲಿ. ನಮ್ಮ ಸಭೆಯ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದರು. ನೋಡಲು ಹೋದೆ. ತಲೆದಿಂಬಿನ ಕೆಳಗಿನಿಂದ ಒಂದು ಹಳೆಯ ನೋಟ್ ಪುಸ್ತಕ ತೆಗೆದು ಕೈಗೆ ಕೊಟ್ಟರು. ಯಾರ ಮದುವೆಗೆ ಎಷ್ಟು ಕೊಟ್ಟದ್ದು, ಯಾವ ಮಗುವಿನ ಫೀಸು ಕಟ್ಟಿದ್ದು, ಸಭೆಯ ಮಾಡಿಗೆ ಹಂಚು ಹಾಕಿಸಿದ್ದು, ಎಲ್ಲ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಒಳ್ಳೆಯ ಮನುಷ್ಯ, ಬರೆದದ್ದೆಲ್ಲ ನಿಜ. "ಇಷ್ಟು ಸಾಕಾಗ್ತದಾ ಮಾಷ್ಟ್ರೇ?" ಅಂತ ಕೇಳಿದರು.

ಸಾಕಾಗ್ತದೆ ಅಂದಿದ್ದರೆ ಸುಲಭವಾಗುತ್ತಿತ್ತು. ನಾನು "ಇಲ್ಲ, ಸಾಕಾಗುವುದಿಲ್ಲ" ಅಂದೆ. ಬಾಗಿಲ ಹತ್ತಿರ ನಿಂತಿದ್ದ ಅವರ ಮಗಳ ಮುಖ ಕೆಂಪಾಯಿತು. "ನಿಮ್ಮದೂ ಸಾಕಾಗುವುದಿಲ್ಲ, ನನ್ನದೂ ಸಾಕಾಗುವುದಿಲ್ಲ. ಸಾಕಾಗುವಷ್ಟು ಮಾಡಬೇಕಾದವನು ಮಾಡಿ ಮುಗಿಸಿದ್ದಾನೆ. ಈ ಪುಸ್ತಕ ಹಿಡಿದುಕೊಂಡು ನೀವು ಅಲ್ಲಿಗೆ ಹೋಗಬೇಕಾಗಿಲ್ಲ" ಅಂದೆ. ಎಫೆಸದವರಿಗೆ ಬರೆದ ಪತ್ರಿಕೆಯ ಎರಡನೇ ಅಧ್ಯಾಯ ಓದಿದೆ, ಎಂಟನೇ ವಚನದಿಂದ ಹತ್ತರವರೆಗೆ: ರಕ್ಷಣೆ ಕೃಪೆಯಿಂದ, ಕೆಲಸದಿಂದಲ್ಲ ಅನ್ನುವ ಭಾಗ. ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಪುಸ್ತಕ ಮಗಳಿಗೆ ಕೊಟ್ಟು, "ಇದು ಒಳಗಿಡು" ಅಂದರು. ಆಮೇಲೆ ಅವರು ಮಾತಾಡಿದ್ದೆಲ್ಲ ತೋಟದ ಬಗ್ಗೆ.

ಯೋಚಿಸಿ ನೋಡಿ. ನಮ್ಮ ಕೆಲಸದಿಂದಲೇ ನಿರ್ಣಯ ಆಗುವುದಾದರೆ ಆ ಪುಸ್ತಕಕ್ಕೆ ಕೊನೆಯ ಪುಟ ಅಂತ ಇರುವುದಿಲ್ಲ. ಎಷ್ಟು ಮಾಡಿದರೂ 'ಸಾಕಾ' ಅನ್ನುವುದು ಬಾಕಿ ಇರುತ್ತದೆ. ಇನ್ನೂ ಒಂದು ಕಷ್ಟ ಇದೆ. ಕೊಟ್ಟದ್ದನ್ನು ನನ್ನ ಲೆಕ್ಕಕ್ಕೆ ಬರೆದುಕೊಂಡರೆ, ಆ ಮಗುವಿನ ಫೀಸು ಕಟ್ಟಿದ್ದು ಮಗುವಿಗಾಗಿಯಾ, ನನಗಾಗಿಯಾ? ಪ್ರೊಟೆಸ್ಟಂಟ್ ಚಳವಳಿಗೆ ಕಾರಣರಾದ ಜರ್ಮನಿಯ ಮಾರ್ಟಿನ್ ಲೂಥರ್ ಅವರನ್ನು ಸನ್ಯಾಸಿ ಮಠದಲ್ಲಿ ಸುಟ್ಟದ್ದು ಇದೇ ಬೆಂಕಿ. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ, ಯಾವುದರಿಂದಲೂ ಮನಸ್ಸಿಗೆ ನೆಮ್ಮದಿ ಬರಲಿಲ್ಲ. ದೇವರ ನೀತಿ ಅಂದರೆ ತನ್ನನ್ನು ಶಿಕ್ಷಿಸುವ ನೀತಿ ಅಂತ ಹೆದರಿದ್ದವರು, ಅದು ನಂಬುವವನಿಗೆ ದೇವರು ಕೊಡುವ ನೀತಿ ಅಂತ ರೋಮಾಪುರದ ಪತ್ರಿಕೆಯಲ್ಲಿ ಕಂಡುಕೊಂಡರು. ದುಡ್ಡು ಪಡೆದು ಪಾಪದ ಶಿಕ್ಷೆ ಕಡಿಮೆ ಮಾಡುವ ಚೀಟಿ ಕೊಡುವ ಪದ್ಧತಿಯ ವಿರುದ್ಧ 1517ರ ಅಕ್ಟೋಬರ್ 31ರಂದು ಅವರು 95 ವಾದಗಳನ್ನು ಹೊರಡಿಸಿದ್ದು ಚರಿತ್ರೆಯ ಪುಸ್ತಕಗಳಲ್ಲಿದೆ.

ಇಲ್ಲಿ ಕಥೊಲಿಕರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಬೇಳದ ಇಗರ್ಜಿಗೆ ಹೋಗುವ ಕೊಂಕಣಿ ಮನೆಗಳು ತುಂಬ ಇವೆ, ನನ್ನ ಆಪ್ತ ಸ್ನೇಹಿತರಲ್ಲಿ ಹಲವರು ಅವರೇ. ಕಥೊಲಿಕರು ಕೆಲಸದಿಂದ ರಕ್ಷಣೆ ಅನ್ನುತ್ತಾರೆ, ನಾವು ಕೃಪೆಯಿಂದ ಅನ್ನುತ್ತೇವೆ ಅಂತ ನಮ್ಮವರು ಕೆಲವರು ಹೇಳುವುದು ಅನ್ಯಾಯ. ಕೃಪೆಯಿಲ್ಲದೆ ಸ್ವಂತ ಕೆಲಸದಿಂದ ಯಾರೂ ನೀತಿವಂತರಾಗುವುದಿಲ್ಲ ಅಂತ ಕಥೊಲಿಕರದೇ ಟ್ರೆಂಟ್ ಮಹಾಸಭೆ 1547ರಲ್ಲೇ ಹೇಳಿದೆ. ಭೇದ ಬೇರೆ ಕಡೆ. ಕ್ರಿಸ್ತನ ನೀತಿಯನ್ನು ದೇವರು ನಮ್ಮದೆಂದು ಎಣಿಸುತ್ತಾನೆ, ಆ ನಿರ್ಣಯ ಒಮ್ಮೆಗೇ ಪೂರ್ತಿ, ಬದುಕು ಬದಲಾಗುವುದು ಅದರ ಹಿಂದೆ ಬರುತ್ತದೆ ಅಂತ ನಾವು. ಕೃಪೆ ಮನುಷ್ಯನ ಒಳಗೆ ಇಳಿದು ಅವನನ್ನು ನಿಜವಾಗಿ ನೀತಿವಂತನನ್ನಾಗಿ ಮಾಡುತ್ತದೆ, ಅದು ಬೆಳೆಯುತ್ತ ಹೋಗುತ್ತದೆ ಅಂತ ಅವರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ಒಕ್ಕೂಟದವರೂ ಕಥೊಲಿಕರೂ ಈ ವಿಷಯದ ಮೇಲೆ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಬೇರೆ ಪ್ರೊಟೆಸ್ಟಂಟ್ ಪಂಗಡಗಳ ಪೈಕಿ 2006ರಲ್ಲಿ ಮೆಥೊಡಿಸ್ಟರು ಸೇರಿದರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು. ಎಲ್ಲ ಭೇದ ಮುಗಿದಿಲ್ಲ. ಆದರೂ ಇಷ್ಟು ಶತಮಾನ ಪರಸ್ಪರ ಶಪಿಸಿಕೊಂಡವರು ಒಂದೇ ಮೇಜಿನ ಮುಂದೆ ಕೂತದ್ದು ನನಗೆ ದೊಡ್ಡ ವಿಷಯ.

ಇನ್ನು 'ಒಳ್ಳೆಯವನಾಗುವುದು ಯಾಕೆ' ಅನ್ನುವುದು. ಲೂಕನ ಸುವಾರ್ತೆಯ ಹತ್ತೊಂಬತ್ತನೇ ಅಧ್ಯಾಯದಲ್ಲಿ ಜಕ್ಕಾಯನ ಕತೆ ಇದೆ. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಜನರನ್ನು ಸುಲಿದು ಶ್ರೀಮಂತನಾದವನು. ಯೇಸುವನ್ನು ನೋಡಬೇಕು ಅಂತ ಮರ ಹತ್ತಿ ಕೂತಿದ್ದ. ಯೇಸು ಅವನನ್ನು ಕೆಳಗಿಳಿಸಿ, ಇವತ್ತು ನಿನ್ನ ಮನೆಯಲ್ಲೇ ಇಳಿದುಕೊಳ್ಳಬೇಕು ಅಂದ. ಜನರಿಗೆ ಸಿಟ್ಟು ಬಂತು, ಪಾಪಿಯ ಮನೆಗೆ ಹೋದನಲ್ಲ ಅಂತ. ಅವನು ಸುಲಿದದ್ದು ಅವರನ್ನೇ ಅಲ್ವಾ! 'ಮೊದಲು ದುಡ್ಡು ವಾಪಸ್ ಕೊಡು, ಆಮೇಲೆ ಬರುತ್ತೇನೆ' ಅಂತ ಯೇಸು ಹೇಳಲಿಲ್ಲ. ಮೊದಲು ಅವನನ್ನು ಒಪ್ಪಿಕೊಂಡ. ಜಕ್ಕಾಯ ಆಮೇಲೆ ಎದ್ದು ನಿಂತು, ಯಾರೂ ಕೇಳದೆ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಅಂದ.

ನಮ್ಮ ಉಪದೇಶ ಪೂರ್ತಿ ಈ ಕ್ರಮದಲ್ಲಿದೆ. ಒಪ್ಪಿಕೊಳ್ಳುವುದು ಮೊದಲು, ಬದಲಾಗುವುದು ಆಮೇಲೆ. ಹಿಂದುಮುಂದಾದರೆ ಎರಡೂ ಕೆಡುತ್ತವೆ. ಎರಡನೆಯದು ಬರಲೇ ಇಲ್ಲ ಅಂದರೆ ಮೊದಲನೆಯದು ಆಗಿದೆಯಾ ಅಂತ ಸಂಶಯಪಡಬೇಕು. ಬೈಬಲಿನಲ್ಲಿ ಇನ್ನೊಂದು ಪತ್ರಿಕೆ ಬರೆದ ಯಾಕೋಬ ಅದರಲ್ಲಿ ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅಂದದ್ದು ಅದಕ್ಕೇ. ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತಲೂ ಅವನೇ ಹೇಳುತ್ತಾನೆ. ಪೌಲನಿಗೂ ಯಾಕೋಬನಿಗೂ ಜಗಳ ಇದೆ ಅಂತ ಕೆಲವರು ವಾದ ಮಾಡುತ್ತಾರೆ, ನನಗೆ ಹಾಗೆ ಕಾಣುವುದಿಲ್ಲ. ಕೆಲಸದಿಂದ ದೇವರನ್ನು ಸಾಲಗಾರನನ್ನಾಗಿ ಮಾಡಹೊರಟವನ ಜೊತೆ ಪೌಲ ಮಾತಾಡುತ್ತಾನೆ. ಬಾಯಲ್ಲಿ ನಂಬಿಕೆ ಅಂದು ಹಸಿದವನನ್ನು ಬರಿಗೈಯಲ್ಲಿ ಕಳಿಸಿದವನ ಜೊತೆ ಯಾಕೋಬ ಮಾತಾಡುತ್ತಾನೆ.

ಹಾಗೆಯೇ ನಂಬಿಕೆಯನ್ನೂ ಒಂದು ದೊಡ್ಡ ಸಾಧನೆ ಅಂತ ತಿಳಿಯಬೇಡಿ. ಯೇಸುವಿನ ಮರಣವನ್ನು ನೆನೆದು ರೊಟ್ಟಿ ಹಂಚಿಕೊಳ್ಳುವ ಕರ್ತನ ಭೋಜನದ ದಿನ ನಮ್ಮ ಸಭೆಯಲ್ಲಿ ಜನ ಮುಂದೆ ಹೋಗಿ ಮೊಣಕಾಲೂರಿ ಅಂಗೈ ಚಾಚುತ್ತಾರೆ. ಬಲಗೈ ಮೇಲೆ, ಎಡಗೈ ಕೆಳಗೆ. ಅಡಿಕೆ ಸುಲಿದು ಕಪ್ಪಾದ ಬೆರಳುಗಳಿರುತ್ತವೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರ ನುಣುಪಾದ ಬೆರಳುಗಳಿರುತ್ತವೆ. ರೊಟ್ಟಿಯ ಚೂರು ಎಲ್ಲರಿಗೂ ಒಂದೇ. ಮುಷ್ಟಿ ಬಿಗಿದಿದ್ದರೆ ಮಾತ್ರ ಅದನ್ನು ಇಡಲು ಆಗುವುದಿಲ್ಲ. ನಂಬಿಕೆ ಅಂದರೆ ಏನು ಅಂತ ಮಕ್ಕಳು ಕೇಳಿದಾಗ ನಾನು ಆ ಅಂಗೈಯನ್ನೇ ತೋರಿಸುವುದು.

ಸಾಯುವಾಗ ನಂಬಿದವನ ವಿಷಯ. ಯೇಸುವಿನ ಪಕ್ಕದಲ್ಲಿ ಶಿಲುಬೆಗೆ ಹಾಕಿದ್ದ ಕಳ್ಳನಿಗೆ ಹಾಗೇ ಆಯಿತು. ಒಳ್ಳೆಯದು ಮಾಡಲು ಅವನ ಕೈಕಾಲೂ ಬಿಡುವಾಗಿರಲಿಲ್ಲ, ಸಮಯವೂ ಇರಲಿಲ್ಲ. ಇವತ್ತೇ ನನ್ನ ಸಂಗಡ ಇರುವೆ ಅಂತ ಯೇಸು ಮಾತು ಕೊಟ್ಟ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ, ಹೌದು, ಸಾಧ್ಯ. ಆದರೆ 'ಈಗ ಮಜಾ ಮಾಡುತ್ತೇನೆ, ಕೊನೆಗೆ ನಂಬುತ್ತೇನೆ' ಅನ್ನುವವನು ಆ ಕಳ್ಳನಂತಲ್ಲ. ಕಳ್ಳ ತನ್ನ ಶಿಕ್ಷೆ ನ್ಯಾಯವಾದದ್ದು ಅಂತ ಒಪ್ಪಿಕೊಂಡಿದ್ದ. ಇನ್ನೊಂದನ್ನೂ ನೋಡಿ: ಕ್ಷಮೆ ಸಿಕ್ಕಿದ ಮೇಲೂ ಅವನು ಶಿಲುಬೆಯಿಂದ ಇಳಿಯಲಿಲ್ಲ. ಸರ್ಕಾರದ ಶಿಕ್ಷೆ, ನೊಂದವರಿಗೆ ಕೊಡಬೇಕಾದ ಪರಿಹಾರ, ಇವು ಯಾವುವೂ ಕೃಪೆಯ ಹೆಸರಿನಲ್ಲಿ ಮನ್ನಾ ಆಗುವುದಿಲ್ಲ. ಯಾರಿಗೋ ಅನ್ಯಾಯ ಮಾಡಿ 'ದೇವರು ಕ್ಷಮಿಸಿದ್ದಾನೆ, ನೀನೂ ಸುಮ್ನಿರು' ಅಂತ ನೊಂದವರಿಗೆ ಹೇಳುವುದನ್ನು ನಾನು ಕೇಳಿದ್ದೇನೆ. ಅದು ಈ ಉಪದೇಶವೇ ಅಲ್ಲ.

ಈಗ ನಿಮ್ಮ ಅಜ್ಜಿ. ಅವರು ಹಾಕಿದ ಅನ್ನ ವ್ಯರ್ಥ ಅಂತ ಯಾರಾದರೂ ನಿಮಗೆ ಹೇಳಿದ್ದರೆ ಅವರು ಬೈಬಲನ್ನು ಸರಿಯಾಗಿ ಓದಿಲ್ಲ. ಉಂಡವರ ಹೊಟ್ಟೆ ತುಂಬಿತು, ಅದು ಒಳ್ಳೆಯದೇ, ದೇವರು ಮೆಚ್ಚುವಂಥದ್ದೇ. ಅವರ ಬಗ್ಗೆ ತೀರ್ಪು ಕೊಡುವ ಕುರ್ಚಿಯಲ್ಲಿ ನನಗೆ ಜಾಗ ಇಲ್ಲ. ನಾನೇ ಅರ್ಹತೆಯಿಲ್ಲದೆ ಒಳಗೆ ಬಂದವನು ಅಂತ ನಂಬುವುದಾದರೆ, ಬಾಗಿಲಲ್ಲಿ ನಿಂತು ಬೇರೆಯವರ ಅರ್ಹತೆ ಅಳೆಯುವುದು ಹೇಗೆ?

ಅಪೊಸ್ತಲರ ಕೃತ್ಯಗಳು ಪುಸ್ತಕದ ಹತ್ತನೇ ಅಧ್ಯಾಯ ಓದಿ. ಕೊರ್ನೇಲ್ಯ ಅನ್ನುವ ರೋಮನ್ ಶತಾಧಿಪತಿ, ಕೈಸರೈಯ ಊರಿನಲ್ಲಿದ್ದವನು. ಯೆಹೂದ್ಯನಲ್ಲ, ಕ್ರಿಸ್ತನ ವಿಷಯ ಇನ್ನೂ ಒಪ್ಪಿಕೊಂಡವನಲ್ಲ. ಬಡವರಿಗೆ ಧಾರಾಳವಾಗಿ ಕೊಡುತ್ತಿದ್ದ, ಪ್ರಾರ್ಥನೆ ಮಾಡುತ್ತಿದ್ದ. ನಿನ್ನ ದಾನಧರ್ಮ ದೇವರ ಮುಂದೆ ನೆನಪಿನಲ್ಲಿದೆ ಅಂತ ದೇವದೂತ ಅವನಿಗೆ ಹೇಳಿದ. ಅದೇ ಉಸಿರಿನಲ್ಲಿ, ಯೊಪ್ಪ ಅನ್ನುವ ಊರಿಗೆ ಆಳು ಕಳಿಸಿ ಯೇಸುವಿನ ಶಿಷ್ಯ ಪೇತ್ರನನ್ನು ಕರೆಸು ಅಂದ. ಯೇಸುವನ್ನು ನಂಬುವವರಿಗೆ ಪಾಪಕ್ಷಮೆ ಇದೆ ಅನ್ನುವ ಸುದ್ದಿಯನ್ನು ಅವನು ಪೇತ್ರನ ಬಾಯಿಂದ ಕೇಳಬೇಕಿತ್ತು. ಕೊಟ್ಟ ದಾನವನ್ನು ದೇವರು ಮರೆತಿರಲಿಲ್ಲ, ಅಷ್ಟಕ್ಕೇ ಬಿಡಲೂ ಇಲ್ಲ. ಕತೆ ಪೂರ್ತಿ ಒಂದೇ ಅಧ್ಯಾಯದಲ್ಲಿದೆ, ಅರ್ಧ ಗಂಟೆಯೂ ಬೇಡ. ಅದಾದ ಮೇಲೆ ರೋಮಾಪುರದ ಪತ್ರಿಕೆಯ ಮೂರರಿಂದ ಆರನೇ ಅಧ್ಯಾಯದವರೆಗೆ ಒಂದೇ ಸಲ ಕೂತು ಓದಿ, ಸಾಧ್ಯವಾದರೆ ನಿಮ್ಮ ಆ ಗೆಳೆಯರ ಜೊತೆಯಲ್ಲೇ. ಓದುವಾಗ ಎಲ್ಲಿ ಒಪ್ಪಿಗೆಯಾಗಲಿಲ್ಲ ಅಂತ ಇಲ್ಲೇ ಕೆಳಗೆ ಬರೆಯಿರಿ, ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ.